ಚೀನಾದ ಡುನ್‌ಹುವಾಂಗ್‌ನ ಗವಿಯಲ್ಲಿ ಸಿಕ್ಕ ಹಳೆಯ ಕಾಗದಗಳು ಹಳದಿ ಯಾಕೆ?

ಕಾಲ ಕಳೆದು ಹಳದಿ ಆಗಿದ್ದಲ್ಲ, ಎಷ್ಟೋ ಹಾಳೆಗಳಿಗೆ ಬೇಕಂತಲೇ ಬಣ್ಣ ಹಾಕಿದ್ದಾರೆ. ಹುವಾಂಗ್‌ಬೋ ಅನ್ನುವ ಮರದ ತೊಗಟೆಯ ಬಣ್ಣ ಅದು. ಅದರಲ್ಲಿರುವ ಬರ್ಬರೀನ್ ಅನ್ನುವ ಅಂಶ ವಿಪರೀತ ಕಹಿ, ಹುಳ ಹತ್ತಿರ ಸುಳಿಯಲ್ಲ. ನಾವು ಅಕ್ಕಿ ಡಬ್ಬಕ್ಕೆ ಬೇವಿನ ಎಲೆ ಹಾಕುತ್ತೇವಲ್ಲ, ಹಾಗೆ.

ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ವಜ್ರ ಸೂತ್ರ ಅನ್ನುವ ಬೌದ್ಧ ಗ್ರಂಥದ ಸುರುಳಿಯೂ ಇಂಥದ್ದೇ. ಏಳು ಹಾಳೆ ಅಂಟಿಸಿ ಮಾಡಿದ್ದು, ಉದ್ದ ಸುಮಾರು 5 ಮೀಟರ್. ಕೊನೆಯಲ್ಲಿ ಒಂದು ಸಾಲಿದೆ: ವಾಂಗ್ ಜೀ ಎಂಬಾತ ತಂದೆತಾಯಿಯ ಹೆಸರಲ್ಲಿ ಪುಕ್ಕಟೆ ಹಂಚಲು ಮಾಡಿಸಿದ್ದು ಅಂತ. ತಾರೀಕೂ ಇದೆ, ನಮ್ಮ ಲೆಕ್ಕದಲ್ಲಿ ಕ್ರಿ.ಶ. 868ರ ಮೇ 11. ತಾರೀಕು ನಮೂದಾಗಿ ಪೂರ್ತಿ ಉಳಿದಿರುವ ಮುದ್ರಿತ ಪುಸ್ತಕಗಳಲ್ಲಿ ಇದಕ್ಕಿಂತ ಹಳೆಯದು ಸಿಕ್ಕಿಲ್ಲ.

ಬಣ್ಣವೊಂದೇ ಕಾಪಾಡಿತು ಅನ್ನೋಕಾಗಲ್ಲ. ಮರುಭೂಮಿಯ ಅಂಚಿನ ಗವಿಯಲ್ಲಿ ಗೋಡೆ ಕಟ್ಟಿ ಮುಚ್ಚಿಟ್ಟಿದ್ದರಲ್ವಾ, ಆ ಒಣ ಹವೆಯ ಪಾಲೂ ದೊಡ್ಡದೇ.