ಮಾಡೆಲ್ ಮೇಜು: ಸ್ಕಾಲ್ಪೆಲ್ ಹಿಡಿ ಮತ್ತು ಬ್ಲೇಡ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಪ್ಲಾಸ್ಟಿಕ್ ವಿಮಾನದ ಕಿಟ್ ಜೋಡಿಸುತ್ತೇನೆ, ಆಗಾಗ ಬಾಲ್ಸಾ ಎಂಬ ಹಗುರ ಮರದ ಕೆಲಸವೂ ಇರುತ್ತದೆ. ಸ್ಕಾಲ್ಪೆಲ್ (ಶಸ್ತ್ರಚಿಕಿತ್ಸೆಯ ಚಾಕು) ಕೊಳ್ಳೋಣವೆಂದರೆ 3, 4, 7 ಎಂಬ ನಂಬರಿನ ಹಿಡಿಗಳಿವೆ. ನಂಬರ್ ದೊಡ್ಡದಾದಷ್ಟೂ ಹಿಡಿ ದೊಡ್ಡದೇ? ನನಗೆ ಯಾವುದು ಸರಿ?

ಉತ್ತರ: ನಂಬರಿಗೂ ಹಿಡಿಯ ಗಾತ್ರಕ್ಕೂ ನೇರ ಸಂಬಂಧವಿಲ್ಲ. ಬ್ಲೇಡ್ ಕೂರುವ ಮೂತಿ ಸಣ್ಣದೋ ದೊಡ್ಡದೋ ಎಂಬುದನ್ನು ಮಾತ್ರ ನೋಡಿ. 3 ಮತ್ತು 7 ಎರಡಕ್ಕೂ ಇರುವುದು ಸಣ್ಣ ಮೂತಿ. 10, 10ಎ, 11, 12, 15 ಈ ಬ್ಲೇಡುಗಳು ಎರಡರಲ್ಲೂ ಕೂರುತ್ತವೆ. 4ನೇ ನಂಬರಿನದು ದೊಡ್ಡ ಮೂತಿ, 20ರಿಂದ ಮೇಲಿನ ಬ್ಲೇಡುಗಳಿಗಾಗಿ ಇರುವುದು. 11ನ್ನು 4ರ ಹಿಡಿಗೆ ಬಲವಂತವಾಗಿ ಒತ್ತಿ ಕೂರಿಸಲು ಹೋಗಬೇಡಿ. ಬ್ಲೇಡ್ ನಡುವೆಯೇ ಮುರಿದು ಹಾರುತ್ತದೆ.

ನಿಮ್ಮ ಕೆಲಸಕ್ಕೆ 3ನೇ ನಂಬರ್ ಸಾಕು. ಸುಮಾರು 12 ಸೆಂಟಿಮೀಟರ್ ಉದ್ದ, ಚಪ್ಪಟೆ, ಮೇಜಿನ ಮೇಲಿಟ್ಟರೆ ಉರುಳುವುದಿಲ್ಲ. 7 ಅದಕ್ಕಿಂತ ಉದ್ದ, ಸುಮಾರು 16 ಸೆಂಟಿಮೀಟರ್, ಪೆನ್ಸಿಲಿನಷ್ಟು ಸಪೂರ. ಕಾಕ್‌ಪಿಟ್ ಒಳಗಿನಂಥ ಇಕ್ಕಟ್ಟಿನ ಜಾಗಕ್ಕೆ ಚೆನ್ನ, ಆದರೆ ಗಂಟೆಗಟ್ಟಲೆ ಹಿಡಿದರೆ ಬೆರಳು ನೋಯುತ್ತದೆ. 4ನ್ನು ಕೊಳ್ಳುವುದಾದರೆ ದಪ್ಪ ಬಾಲ್ಸಾ, ತೆಳು ಪ್ಲೈವುಡ್, ದಪ್ಪ ರಟ್ಟು ಕತ್ತರಿಸುವವರು ಕೊಳ್ಳಬೇಕು. ಪೂರ್ತಿ ಲೋಹದ ಹಿಡಿಯನ್ನೇ ಆರಿಸಿ. ಅಗ್ಗದ ಹಿಡಿಗಳಲ್ಲಿ ಮೂತಿಯ ಗಾಡಿಯನ್ನು (ಬ್ಲೇಡ್ ಜಾರಿ ಕೂರುವ ತೋಡನ್ನು) ಸರಿಯಾದ ಅಳತೆಗೆ ಕೊರೆದಿರುವುದಿಲ್ಲ. ಬ್ಲೇಡ್ ಹಾಕಿ, ಮರದ ತುಂಡಿಗೆ ಮೊನೆ ತಾಗಿಸಿ ಮೆಲ್ಲಗೆ ಆಚೀಚೆ ಒತ್ತಿ ನೋಡಿ. ಬುಡ ಅಲ್ಲಾಡಿದರೆ ಆ ಹಿಡಿ ಬೇಡ.

ಪ್ರಶ್ನೆ: ನನ್ನ ಬಳಿ ಪೆನ್ನಿನಂಥ ಗುಂಡನೆಯ ಹಾಬಿ ನೈಫ್ ಇದೆ, ಅದಕ್ಕೆ 11ನೇ ನಂಬರ್ ಬ್ಲೇಡ್. ಸ್ಕಾಲ್ಪೆಲ್‌ನ 11ನೇ ನಂಬರ್ ಬ್ಲೇಡುಗಳ ಡಬ್ಬಿ ತಂದೆ. ಒಂದೂ ಕೂರುತ್ತಿಲ್ಲ. ಮೋಸ ಹೋದೆನೇ?

ಉತ್ತರ: ಮೋಸವೇನೂ ಆಗಿಲ್ಲ, ಎರಡು ಬೇರೆ ವ್ಯವಸ್ಥೆಗಳಲ್ಲಿ ಒಂದೇ ನಂಬರ್ ಇರುವುದರ ಫಲ. ಎಕ್ಸ್‌ಆಕ್ಟೋ ಮಾದರಿಯ ಹಾಬಿ ನೈಫಿನ ಬ್ಲೇಡಿಗೆ ಚಪ್ಪಟೆ ಬಾಲವಿರುತ್ತದೆ. ಅದನ್ನು ಹಿಡಿಯ ತುದಿಯಲ್ಲಿರುವ ಸೀಳಿದ ಕಾಲೆಟ್‌ಗೆ ತೂರಿಸಿ, ತಿರುಪಿ ಬಿಗಿಯುತ್ತಾರೆ. ಸ್ಕಾಲ್ಪೆಲ್ ಬ್ಲೇಡಿನಲ್ಲಿ ಉದ್ದನೆಯ ಕಂಡಿ ಇದ್ದು, ಹಿಡಿಯ ನಾಲಿಗೆಯ ಮೇಲೆ ಅದು ಜಾರಿ ಕೂರುತ್ತದೆ. ಹಿಡಿ ಬೇರೆ, ಬ್ಲೇಡ್ ಬೇರೆ ಇರುವ ಈ ಸ್ಕಾಲ್ಪೆಲ್ ವಿನ್ಯಾಸಕ್ಕೆ ಅಮೆರಿಕದ ಮಾರ್ಗನ್ ಪಾರ್ಕರ್ 1915ರಲ್ಲಿ ಪೇಟೆಂಟ್ ಪಡೆದರು. ಮೂತಿಯ ಅಳತೆಗಳನ್ನು ಈಗ ಐಎಸ್ಒ 7740 ಎಂಬ ಮಾನದಂಡ ನಿಗದಿ ಮಾಡಿದೆ. ಹಾಗಾಗಿ ಸ್ಕಾಲ್ಪೆಲ್ ಲೋಕದೊಳಗೆ ಒಂದು ಕಂಪನಿಯ ಬ್ಲೇಡನ್ನು ಇನ್ನೊಂದರ ಹಿಡಿಗೆ ಧೈರ್ಯವಾಗಿ ಹಾಕಬಹುದು.

ತಂದ ಬ್ಲೇಡುಗಳನ್ನು ಮರಳಿಸುವ ಬದಲು ಒಂದು 3ನೇ ನಂಬರ್ ಹಿಡಿ ಕೊಂಡುಕೊಳ್ಳಿ. ಹಳೆಯದನ್ನೂ ಎಸೆಯಬೇಡಿ. ಹಾಬಿ ನೈಫಿನ ಬ್ಲೇಡ್ ಸ್ಕಾಲ್ಪೆಲ್ಲಿನಷ್ಟು ಹರಿತವಲ್ಲದಿದ್ದರೂ ಅದಕ್ಕಿಂತ ದಪ್ಪ, ಒರಟು ಕೆಲಸ ತಡೆಯುತ್ತದೆ.

ಪ್ರಶ್ನೆ: 11ನೇ ಬ್ಲೇಡಿನ ಮೊನೆ ಪದೇ ಪದೇ ಮುರಿಯುತ್ತದೆ. ಹೊಸ ಬ್ಲೇಡ್ ಹಾಕಿ ಸ್ಪ್ರೂನಿಂದ (ಬಿಡಿಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟು) ಎರಡು ಬಿಡಿಭಾಗ ಬಿಡಿಸುವಷ್ಟರಲ್ಲಿ ತುದಿ ಇಲ್ಲ. ಬ್ಲೇಡ್ ಕಳಪೆಯೇ?

ಉತ್ತರ: ಬ್ಲೇಡ್ ಚೆನ್ನಾಗಿಯೇ ಇದೆ, ಅದಕ್ಕೆ ಹೇಳಿದ ಕೆಲಸ ತಪ್ಪು. ಸ್ಕಾಲ್ಪೆಲ್ ಬ್ಲೇಡಿನ ದಪ್ಪ ಅರ್ಧ ಮಿಲಿಮೀಟರೂ ಇಲ್ಲ, ಉಕ್ಕು ಬಹಳ ಗಡುಸು. ಅಂಚಿನ ದಿಕ್ಕಿನಲ್ಲಿ ಎಳೆದರೆ ತಡೆಯುತ್ತದೆ, ಪಕ್ಕಕ್ಕೆ ತಿರುಚಿದರೆ ಬಾಗುವ ಬದಲು ಚಟ್ಟನೆ ಮುರಿಯುತ್ತದೆ. 11ರ ಮೊನೆ ಉದ್ದ, ಚೂಪು, ಬೆನ್ನಿಗೆ ಆಸರೆಯಿಲ್ಲ. ಸ್ಪ್ರೂ ಗೇಟಿನ, ಅಂದರೆ ಬಿಡಿಭಾಗವನ್ನು ಚೌಕಟ್ಟಿಗೆ ಸೇರಿಸುವ ಸಣ್ಣ ಕೊಂಡಿಯ, ಮೇಲೆ ಅದನ್ನಿಟ್ಟು ಒತ್ತಿದಾಗ ಪ್ಲಾಸ್ಟಿಕ್ ಎರಡೂ ಕಡೆಯಿಂದ ಅಲಗನ್ನು ಹಿಡಿದುಕೊಳ್ಳುತ್ತದೆ. ಆಗ ಮಣಿಕಟ್ಟು ಚೂರು ಹೊರಳಿದರೂ ಸಾಕು. ಮುರಿದ ಚೂರು ಎತ್ತ ಹಾರುತ್ತದೆಂದು ಹೇಳಲಾಗದು, ಕನ್ನಡಕ ಹಾಕಿಕೊಂಡೇ ಕೆಲಸ ಮಾಡಿ.

ಬಿಡಿಭಾಗವನ್ನು ಮೊದಲು ಸೈಡ್ ಕಟರ್‌ನಿಂದ ಬಿಡಿಸಿ. ಗೇಟಿನ 1ರಿಂದ 2 ಮಿಲಿಮೀಟರ್ ತುಂಡು ಬಿಡಿಭಾಗಕ್ಕೆ ಅಂಟಿಕೊಂಡೇ ಇರಲಿ. ಬುಡಕ್ಕೆ ಹತ್ತಿಸಿ ಕತ್ತರಿಸಿದರೆ ಪ್ಲಾಸ್ಟಿಕ್ ಒಳಗೇ ನಲುಗಿ ಬಿಳಿ ಕಲೆ ಬೀಳುತ್ತದೆ, ಕೆಲವೊಮ್ಮೆ ಗುಳಿಯೂ ಬೀಳುತ್ತದೆ. ಉಳಿದ ಮೊಟುಕನ್ನು ಸ್ಕಾಲ್ಪೆಲ್‌ನಿಂದ ತೆಳು ಪದರಗಳಾಗಿ ಹೆರೆಯಿರಿ. ಕೊನೆಯ ಕೂದಲೆಳೆಯಷ್ಟನ್ನು ಉಜ್ಜುಕಾಗದಕ್ಕೆ ಬಿಡಿ. ಈ ಹೆರೆಯುವ ಕೆಲಸಕ್ಕೆ 11 ಬೇಡ, 10ಎ ಹಾಕಿ. ಅದರದೂ ನೆಟ್ಟನೆಯ ಅಂಚೇ, ಆದರೆ ಗಿಡ್ಡ, ಮೊನೆಗೆ ಬಲ ಹೆಚ್ಚು. ಪ್ಲಾಸ್ಟಿಕ್ ಕಿಟ್ ಮಾಡುವವರು ಒಂದೇ ಬಗೆಯ ಬ್ಲೇಡ್ ಕೊಳ್ಳುವುದಾದರೆ ಅದು 10ಎ ಆಗಲಿ ಎಂಬುದು ನಮ್ಮ ಅಭಿಪ್ರಾಯ. ಹೆಚ್ಚಿನವರು 11ನ್ನೇ ಕೊಳ್ಳುತ್ತಾರೆ, ಆಮೇಲೆ ನಿಮ್ಮ ಹಾಗೆ ಬೈದುಕೊಳ್ಳುತ್ತಾರೆ.

ಮೋಲ್ಡ್ ಲೈನ್ (ಅಚ್ಚಿನ ಎರಡು ಭಾಗ ಸೇರುವಲ್ಲಿ ಮೂಡುವ ಗೆರೆ) ಕೆರೆಯಲು 15 ಒಳ್ಳೆಯದು. ಅದರ ಅಂಚು ಸಣ್ಣದಾಗಿ ಬಾಗಿರುವುದರಿಂದ ಮೊನೆ ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲ. ಬ್ಲೇಡನ್ನು ಮೇಲ್ಮೈಗೆ ಹೆಚ್ಚುಕಡಿಮೆ ಲಂಬವಾಗಿ ನಿಲ್ಲಿಸಿ, ಎಳೆಯುವ ದಿಕ್ಕಿಗೆ ತುಸು ವಾಲಿಸಿ, ಒತ್ತದೆ ಕೆರೆಯಿರಿ. ಒತ್ತಿದರೆ ಅಲಗು ಕುಣಿದು ಅಡ್ಡಡ್ಡ ಅಲೆಯಂಥ ಗುರುತು ಮೂಡುತ್ತದೆ. ಮೂಡಿಯೇಬಿಟ್ಟರೆ ಅದೇ ದಿಕ್ಕಿನಲ್ಲಿ ಮತ್ತೆ ಕೆರೆಯದೆ, ಓರೆಯಾಗಿ ದಿಕ್ಕು ಬದಲಿಸಿ ಕೆರೆಯಿರಿ. 11ನೇ ಬ್ಲೇಡಿನ ಹರಿತವಿಲ್ಲದ ಬೆನ್ನಿನಿಂದಲೂ ಮೆತ್ತನೆಯ ಗೆರೆಗಳನ್ನು ಕೆರೆಯಬಹುದು.

ಪ್ರಶ್ನೆ: ಬ್ಲೇಡ್ ಬದಲಾಯಿಸುವುದೆಂದರೆ ಕೈ ನಡುಗುತ್ತದೆ. ಸುರಕ್ಷಿತ ವಿಧಾನ ಹೇಳಿ.

ಉತ್ತರ: ಬರಿಗೈ ಬೇಡ, ಮೂತಿ ಸಪೂರವಿರುವ ನೋಸ್ ಪ್ಲೈಯರ್ ಬೇಕು. ಹಾಕುವಾಗ ಬ್ಲೇಡನ್ನು ಬೆನ್ನಿನ ಕಡೆಯಿಂದ, ಕಂಡಿಗಿಂತ ಸ್ವಲ್ಪ ಮುಂದೆ, ಪ್ಲೈಯರಿನಿಂದ ಹಿಡಿಯಿರಿ. ಅಂಚಿಗೆ ಲೋಹ ತಾಗಬಾರದು, ತಾಗಿದ ಕಡೆ ಅಲಗು ಮೊಂಡಾಗುತ್ತದೆ. ಬ್ಲೇಡಿನ ಹಿಂಬದಿ ಓರೆಯಾಗಿ ಕತ್ತರಿಸಿದಂತಿರುತ್ತದೆ, ಹಿಡಿಯ ಭುಜದಲ್ಲೂ ಅದೇ ಓರೆ ಇದೆ. ಎರಡು ಓರೆಗಳೂ ಹೊಂದುವಂತೆ ಹಿಡಿದು, ಕಂಡಿಯ ಅಗಲದ ಭಾಗವನ್ನು ನಾಲಿಗೆಯ ಮೇಲೆ ಕೂರಿಸಿ, ಹಿಂದಕ್ಕೆ ಜಾರಿಸಿ. ಕಂಡಿಯ ಎರಡೂ ಅಂಚುಗಳು ನಾಲಿಗೆಯ ಪಕ್ಕದ ಗಾಡಿಗಳೊಳಗೆ ಓಡಬೇಕು. ಕೊನೆಗೆ ಟಕ್ ಎಂಬ ಸದ್ದು ಕೇಳುತ್ತದೆ. ಸದ್ದು ಬರದಿದ್ದರೆ ಒಂದು ಕಡೆಯ ಅಂಚು ಗಾಡಿಯ ಹೊರಗೇ ಉಳಿದಿದೆ ಎಂದರ್ಥ. ಒತ್ತಬೇಡಿ, ತೆಗೆದು ಮತ್ತೆ ಹಾಕಿ.

ಬಿಚ್ಚುವಾಗ ಮೊನೆ ನಿಮ್ಮಿಂದಲೂ ಇತರರಿಂದಲೂ ಆಚೆಗೆ, ಕೆಳಮುಖವಾಗಿರಲಿ, ಮುಂದೆ ಒಂದು ಡಬ್ಬಿ ಇಟ್ಟುಕೊಳ್ಳಿ. ಹಿಡಿಗೆ ತಾಗಿದ ಬ್ಲೇಡಿನ ಹಿಂತುದಿಯನ್ನು ಪ್ಲೈಯರಿನಿಂದ ಹಿಡಿದು ಒಂದು ಮಿಲಿಮೀಟರಿನಷ್ಟು ಮಾತ್ರ ಮೇಲೆತ್ತಿ, ಮುಂದಕ್ಕೆ ನೂಕಿ. ಹೆಚ್ಚು ಎತ್ತಿದರೆ ಕಂಡಿಯ ಬಳಿ ಮುರಿಯುತ್ತದೆ. ಹೆಚ್ಚಿನ ಗಾಯಗಳಾಗುವುದು ಬಿಚ್ಚುವಾಗ, ಅದೂ ಅಂಟು ಮೆತ್ತಿ ಜಾಮ್ ಆದ ಬ್ಲೇಡನ್ನು ಹೆಬ್ಬೆರಳಿನಿಂದ ನೂಕಲು ಹೋದಾಗ. ಸೂಪರ್ ಗ್ಲೂ ಗಟ್ಟಿಯಾಗಿದ್ದರೆ ಮೂತಿಯನ್ನು ಸ್ವಲ್ಪ ಹೊತ್ತು ಅಸಿಟೋನಿನಲ್ಲಿ ನೆನೆಸಿ. ಕಿಟ್ ಹತ್ತಿರವಿರದಿರಲಿ, ಅಸಿಟೋನ್ ಪಾಲಿಸ್ಟೈರೀನನ್ನು ಕರಗಿಸುತ್ತದೆ.

ಪ್ರಶ್ನೆ: ಕಾರ್ಬನ್ ಸ್ಟೀಲ್ ಒಳ್ಳೆಯದೋ ಸ್ಟೇನ್‌ಲೆಸ್ಸೋ? ಅವಧಿ ಮುಗಿದ ಸ್ಟೆರೈಲ್ ಬ್ಲೇಡುಗಳನ್ನು ಬಳಸಬಹುದೇ?

ಉತ್ತರ: ಪ್ಲಾಸ್ಟಿಕ್, ಕಾಗದ, ಮರಕ್ಕೆ ಕಾರ್ಬನ್ ಸ್ಟೀಲ್. ಅಂಚು ಹೆಚ್ಚು ಹರಿತ. ನೀರಿನಲ್ಲಿ ಬಿಡುವ ಡೆಕಾಲ್ (ಮಾಡೆಲ್ ಮೇಲೆ ಅಂಟಿಸುವ ಚಿತ್ರ) ಮತ್ತು ಒದ್ದೆ ಅಂಟಿನ ಕೆಲಸಕ್ಕೆ ಸ್ಟೇನ್‌ಲೆಸ್, ಏಕೆಂದರೆ ಕಾರ್ಬನ್ ಬ್ಲೇಡ್ ಬೆವರಿನ ಕೈ ತಾಗಿದರೂ ತುಕ್ಕು ಹಿಡಿಯುತ್ತದೆ. ಮೇಲೆ ತುಕ್ಕು ತಡೆಯುವ ಎಣ್ಣೆಯ ತೆಳು ಪದರ ಇರಬಹುದು. ಬಣ್ಣ ಹಚ್ಚಬೇಕಾದ ಭಾಗ ಮುಟ್ಟುವ ಮೊದಲು ಟಿಶ್ಯೂಗೆ ಸ್ಪಿರಿಟ್ ಹಾಕಿ ಬೆನ್ನಿನಿಂದ ಅಂಚಿನ ಕಡೆಗೆ ಒರೆಸಿ. ಅವಧಿಯ ತಾರೀಖು ಇರುವುದು ಸ್ಟೆರೈಲ್ ಸ್ಥಿತಿಗೆ. ಪೊಟ್ಟಣದೊಳಗೆ ತುಕ್ಕಿಲ್ಲದಿದ್ದರೆ ಮಾಡೆಲ್ ಕೆಲಸಕ್ಕೆ ಧಾರಾಳವಾಗಿ ಬಳಸಿ. ಸ್ಟೆರೈಲ್ ಅಲ್ಲದ, 100 ಬ್ಲೇಡುಗಳ ಡಬ್ಬಿಯೇ ಲಾಭ.

ಪ್ರಶ್ನೆ: ಪ್ಲಾಸ್ಟಿಕ್ ಶೀಟ್ ಕತ್ತರಿಸಿದರೆ ಅಂಚು ಉಬ್ಬುತ್ತದೆ, ಬಾಲ್ಸಾ ಕತ್ತರಿಸಿದರೆ ಅಲಗು ಎತ್ತಲೋ ಓಡುತ್ತದೆ. ಎರಡಕ್ಕೂ 11 ಬಳಸುತ್ತಿದ್ದೇನೆ.

ಉತ್ತರ: ಶೀಟಿನದು ಸ್ವಭಾವ. ಸ್ಕಾಲ್ಪೆಲ್ ವಸ್ತುವನ್ನು ತೆಗೆಯುವುದಿಲ್ಲ, ಎರಡೂ ಪಕ್ಕಕ್ಕೆ ತಳ್ಳುತ್ತದೆ. ತಳ್ಳಿದ್ದು ಉಬ್ಬಾಗಿ ನಿಲ್ಲುತ್ತದೆ, ಬ್ಲೇಡನ್ನು ಅಡ್ಡ ಹಿಡಿದು ಒಮ್ಮೆ ಕೆರೆದರೆ ಹೋಗುತ್ತದೆ. 0.25 ಮಿಲಿಮೀಟರ್ ಶೀಟನ್ನು ಪೂರ್ತಿ ಕತ್ತರಿಸಿ. 0.5ರಿಂದ 1 ಮಿಲಿಮೀಟರಿನದಕ್ಕೆ ಎರಡು ಮೂರು ಬಾರಿ ಗೀರು ಹಾಕಿ, ಗೀರು ಮೇಲ್ಮುಖವಾಗಿರುವಂತೆ ಮೇಜಿನ ಅಂಚಿಗಿಟ್ಟು ಕೆಳಕ್ಕೆ ಬಗ್ಗಿಸಿ ಮುರಿಯಿರಿ. ಮೊದಲ ಗೀರಿಗೆ ಹಿಡಿಯ ಭಾರವಷ್ಟೇ ಸಾಕು, ಅದು ಮುಂದಿನ ಗೀರಿಗೆ ದಾರಿ ಮಾಡಿಕೊಡುತ್ತದೆ. ಸ್ಕೇಲ್ ಉಕ್ಕಿನದೇ ಆಗಿರಲಿ. ಅಲ್ಯೂಮಿನಿಯಂ ಸ್ಕೇಲನ್ನು ಸ್ಕಾಲ್ಪೆಲ್ ಹೆರೆದುಹಾಕುತ್ತದೆ, ಮರುದಿನದಿಂದ ಆ ಸ್ಕೇಲಿನಲ್ಲಿ ನೇರ ಗೆರೆ ಬರುವುದಿಲ್ಲ. 2 ಮಿಲಿಮೀಟರಿನ ಶೀಟಿಗೆ ಸ್ಕಾಲ್ಪೆಲ್ ಬೇಡ, ಕೊಕ್ಕೆಯಂತಿರುವ ಪ್ಲಾಸ್ಟಿಕ್ ಕಟರ್ ತನ್ನಿ. ಅದು ಎಳೆ ಎಳೆಯಾಗಿ ವಸ್ತುವನ್ನೇ ಕಿತ್ತು ತೆಗೆಯುತ್ತದೆ.

ಬಾಲ್ಸಾದಲ್ಲಿ ಅಲಗು ಮರದ ಎಳೆಯ ದಾರಿ ಹಿಡಿಯುತ್ತದೆ. ಎಳೆ ಯಾವ ಕಡೆ ವಾಲಿದೆ ನೋಡಿ, ಅದು ಬ್ಲೇಡನ್ನು ಸ್ಕೇಲಿನ ಕಡೆಗೇ ಎಳೆಯುವಂತೆ ಸ್ಕೇಲ್ ಇಡಿ. ಹೊರಕ್ಕೆ ಎಳೆಯುತ್ತಿದ್ದರೆ ಎದುರು ತುದಿಯಿಂದ ಕತ್ತರಿಸಿ. ಎಳೆಗೆ ಅಡ್ಡವಾದ ಗೆರೆಗಳನ್ನು ಮೊದಲು, ಎಳೆಯ ಉದ್ದಕ್ಕಿರುವುದನ್ನು ಆಮೇಲೆ ಕತ್ತರಿಸಿದರೆ ಮೂಲೆ ಸೀಳುವುದಿಲ್ಲ. 3 ಮಿಲಿಮೀಟರ್ ಹಲಗೆಗೆ ಹಗುರವಾಗಿ ಮೂರು ನಾಲ್ಕು ಸಲ. ಮೊಂಡು ಬ್ಲೇಡ್ ಬಾಲ್ಸಾವನ್ನು ಕತ್ತರಿಸದೆ ಜಜ್ಜುತ್ತದೆ.

ಪ್ರಶ್ನೆ: ಕಾಕ್‌ಪಿಟ್ ಗಾಜಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಕತ್ತರಿಸಿದಾಗ ಪ್ಲಾಸ್ಟಿಕ್ ಗಾಜಿಗೂ ಗೀರು ಬೀಳುತ್ತದೆ.

ಉತ್ತರ: ಬ್ಲೇಡ್ ಹಳೆಯದು, ಆದ್ದರಿಂದ ಒತ್ತುತ್ತಿದ್ದೀರಿ. 11ನೇ ನಂಬರಿಗೆ ಹೇಳಿ ಮಾಡಿಸಿದ ಕೆಲಸ ಇದು, ಆದರೆ ಡಬ್ಬಿಯಿಂದ ಆಗಷ್ಟೇ ತೆಗೆದ 11. ಕಾಗದದಂಥ ತೆಳು ಟೇಪನ್ನು ಅಂಟಿಸಿ, ಟೂತ್‌ಪಿಕ್‌ನಿಂದ ಚೌಕಟ್ಟಿನ ಗೆರೆಗುಂಟ ಒತ್ತಿದರೆ ಗೆರೆ ಎದ್ದು ಕಾಣುತ್ತದೆ. ಹಿಡಿಯನ್ನು ತಗ್ಗಿಸಿ, ಮೊನೆಯನ್ನು ಗೆರೆಯಲ್ಲಿ ಬಿಟ್ಟು, ಹಿಡಿಯ ಭಾರದಲ್ಲೇ ಎಳೆಯಿರಿ. ಪ್ರತಿ ಬದಿಯನ್ನೂ ಮೂಲೆಯಿಂದ ಆರಂಭಿಸಿ ನಡುವಿಗೆ ಬನ್ನಿ, ಆಮೇಲೆ ಎದುರು ಮೂಲೆಯಿಂದ. ಹೀಗೆ ಮಾಡಿದರೆ ಮೂಲೆ ದಾಟಿ ಅಲಗು ಜಾರುವುದೇ ಇಲ್ಲ. ನೆಟ್ಟನೆಯ ಅಂಚುಗಳಿಗೆ ಟೇಪನ್ನು ಕಟಿಂಗ್ ಮ್ಯಾಟ್ ಮೇಲೆ ಮೊದಲೇ ಪಟ್ಟಿಯಾಗಿ ಕತ್ತರಿಸಿಕೊಳ್ಳಿ, ಗಾಜಿನ ಮೇಲೆ ಬ್ಲೇಡ್ ಆಡಿಸುವ ಕೆಲಸ ಬಾಗಿದ ಅಂಚುಗಳಿಗಷ್ಟೇ ಉಳಿಯುತ್ತದೆ.

ಪ್ರಶ್ನೆ: ಫೋಟೋ ಎಚ್ (ರಾಸಾಯನಿಕದಿಂದ ಕೊರೆದ ತೆಳು) ಹಿತ್ತಾಳೆ ಬಿಡಿಗಳಿಗೆ ಯಾವ ಬ್ಲೇಡ್?

ಉತ್ತರ: ಬಳಸಿ ಬಿಟ್ಟ 10 ಅಥವಾ 15. ಹಿತ್ತಾಳೆ ಹಾಳೆಯನ್ನು ಗಟ್ಟಿ ಅಕ್ರಿಲಿಕ್ ತುಂಡಿನ ಮೇಲಿಟ್ಟು, ಬಿಡಿಭಾಗವನ್ನು ಹಾಳೆಗೆ ಹಿಡಿದಿರುವ ಅಂಟುಗಾಲಿನ ಮೇಲೆ ಬ್ಲೇಡಿನ ಬಾಗಿದ ಹೊಟ್ಟೆಯನ್ನು ತೊಟ್ಟಿಲಿನಂತೆ ತೂಗಿ ಒತ್ತಿ. ಮೆತ್ತನೆಯ ಕಟಿಂಗ್ ಮ್ಯಾಟ್ ಮೇಲೆ ಮಾಡಿದರೆ ಬಿಡಿಭಾಗ ಬಾಗುತ್ತದೆ.

ಪ್ರಶ್ನೆ: ಬ್ಲೇಡನ್ನು ಯಾವಾಗ ಬದಲಾಯಿಸಬೇಕು? ಸಾಣೆ ಹಿಡಿಯಬಹುದೇ? ಹಳೆಯದನ್ನು ಏನು ಮಾಡಲಿ?

ಉತ್ತರ: ಟೇಪಿನ ಅಂಚು ನಾರು ನಾರಾದಾಗ, ಪ್ಲಾಸ್ಟಿಕ್ ಸುರುಳಿಯ ಬದಲು ಪುಡಿಯಾಗಿ ಬಂದಾಗ, ಕೈ ತಾನಾಗಿ ಒತ್ತಲು ತೊಡಗಿದಾಗ. ತೊಗಲಿನ ಪಟ್ಟಿಗೆ ಪಾಲಿಶ್ ಪೇಸ್ಟ್ ಹಚ್ಚಿ, ಬೆನ್ನು ಮುಂದಾಗಿ ನಾಲ್ಕೈದು ಸಲ ಎಳೆದರೆ ಅಂಚು ಸ್ವಲ್ಪ ಚೇತರಿಸುತ್ತದೆ. ಸಾಣೆಕಲ್ಲಿಗೆ ಹಿಡಿಯುವಷ್ಟು ದಪ್ಪ ಈ ಉಕ್ಕಿಗಿಲ್ಲ, ಆ ಶ್ರಮಕ್ಕಿಂತ ಹೊಸ ಬ್ಲೇಡೇ ಅಗ್ಗ. ಡೆಕಾಲ್ ಮತ್ತು ಟೇಪಿಗೆ ಬಳಸಿದ್ದನ್ನು ಆಮೇಲೆ ಸ್ಪ್ರೂ ಹೆರೆಯಲು, ಕೊನೆಗೆ ಹಿತ್ತಾಳೆಗೆ ಇಳಿಸಿ. ಪೂರ್ತಿ ಮುಗಿದ ಬ್ಲೇಡಿಗೆ ಮುಚ್ಚಳ ಬಿಗಿದ ತಗಡಿನ ಡಬ್ಬಿಯೊಂದರ ನೆತ್ತಿಯಲ್ಲಿ ಸೀಳು ಮಾಡಿ, ಒಳಗೆ ಬಿಡಿ. ಡಬ್ಬಿ ತುಂಬಿದ ಮೇಲೆ ಸೀಳಿಗೆ ಟೇಪ್ ಸುತ್ತಿ, ಒಳಗೆ ಬ್ಲೇಡ್ ಇದೆ ಎಂದು ದೊಡ್ಡಕ್ಷರದಲ್ಲಿ ಬರೆದು, ಹಾಗೆಯೇ ವಿಲೇವಾರಿ ಮಾಡಿ.