ಕಾನ್ವೆಂಟ್ ಬಿಟ್ಟು ಬಂದ ನಮ್ಮ ಮ್ಯೂಸಿಕ್ ಮಿಸ್

"ನಮ್ಮ ಚಿಕ್ಕಮ್ಮ ಇಪ್ಪತ್ತು ವರ್ಷ ಚರ್ಚಿನ ಕಾನ್ವೆಂಟಲ್ಲಿ ಸಿಸ್ಟರ್ ಆಗಿದ್ದೋರು, ಈಗ ಬಿಟ್ಟು ಮನೆಗೆ ಬರ್ತಿದ್ದಾರೆ, ಇಂಥವರು ಆಮೇಲೆ ಹೇಗೆ ಬದುಕ್ತಾರೆ, ನಿಮಗೆ ಯಾರಾದ್ರೂ ಗೊತ್ತಾ" ಅಂತ ಕೇಳಿದೀರಿ.

ಒಬ್ರು ಗೊತ್ತಿದ್ರು. ನಮ್ಮ ಮ್ಯೂಸಿಕ್ ಮಿಸ್ಸು, ಅವರೂ ಕ್ರೈಸ್ತ ಸನ್ಯಾಸಿನಿ ಆಗಿದ್ದು ಬಿಟ್ಟು ಬಂದೋರು. ಚಿಕ್ಕಮಗಳೂರಲ್ಲಿ ಬಸವನಹಳ್ಳಿ ಕಡೆ ಒಂದು ಹೆಂಚಿನ ಮನೆ ಹಿಂಭಾಗದಲ್ಲಿ ಎರಡು ರೂಮ್ ಬಾಡಿಗೆಗೆ ತಗೊಂಡಿದ್ರು, 2019ರಲ್ಲಿ ಎಪ್ಪತ್ತನೇ ವಯಸ್ಸಲ್ಲಿ ತೀರ್ಕೊಂಡ್ರು. ಹೆಸರು ಬರೆಯಲ್ಲ, ಅವರಿಗೆ ಅದು ಇಷ್ಟ ಆಗ್ತಿರಲಿಲ್ಲ. ಅವರು ಕಾನ್ವೆಂಟ್ ಯಾಕೆ ಬಿಟ್ರು ಅಂತ ಊರೋರೆಲ್ಲ ಮಾತಾಡ್ಕೊಳ್ಳೋರು, ಬಿಟ್ಟ ಮೇಲೆ ಇಪ್ಪತ್ತೊಂಬತ್ತು ವರ್ಷ ಏನು ಮಾಡಿದ್ರು ಅಂತ ಮಾತ್ರ ಯಾರೂ ಹೇಳ್ತಿರಲಿಲ್ಲ, ಅದಕ್ಕೆ ನಾನು ಅದನ್ನೇ ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ.

ಮಿಸ್ ಹುಟ್ಟಿದ್ದು ಹಾಸನದ ಹತ್ರ ಶೆಟ್ಟಿಹಳ್ಳಿ ಕಡೆ. ಚಿಕ್ಕವರಿದ್ದಾಗ ಚರ್ಚಿನ ಪೂಜೆ ಎಲ್ಲಾ ಲ್ಯಾಟಿನ್ನಲ್ಲೇ, ಅರ್ಥ ಗೊತ್ತಿಲ್ಲದೆ ಬಾಯಿಪಾಠ ಹಾಡೋರಂತೆ. 1965ರಲ್ಲಿ ಕ್ಯಾಥೊಲಿಕ್ ಬಿಷಪ್‌ಗಳೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಮುಗೀತಲ್ಲ, ಅದಾದ್ಮೇಲೆ ಪೂಜೆ ಕನ್ನಡಕ್ಕೆ ಬಂತು, ಹಾಡೂ ಕನ್ನಡದಲ್ಲಿ ಬೇಕಾಯ್ತು. ಇವರು 1968ರಲ್ಲಿ ಹತ್ತೊಂಬತ್ತನೇ ವಯಸ್ಸಿಗೆ ಕಾನ್ವೆಂಟ್ ಸೇರಿದಾಗ ಅಲ್ಲಿ ಕಾಲಲ್ಲಿ ತುಳಿಯೋ ಹಾರ್ಮೋನಿಯಂ ಇತ್ತು, ನುಡಿಸೋ ಸಿಸ್ಟರಿಗೆ ವಯಸ್ಸಾಗಿತ್ತು, ಹೊಸ ಹುಡುಗಿಗೆ ಕಿವಿ ಚೆನ್ನಾಗಿದೆ ಅಂತ ಕೂರಿಸಿಬಿಟ್ರು. ಅಲ್ಲಿಂದ ಶುರು.

1990ರಲ್ಲಿ ಬಿಟ್ಟು ಬಂದ್ರು. ಯಾಕೆ ಅಂತ ನಾನೂ ಒಂದ್ಸಲ ಕೇಳಿದೀನಿ, ಆಗ ಹೈಸ್ಕೂಲು, ಬುದ್ಧಿ ಇರಲಿಲ್ಲ. "ಅದು ನನಗೂ ದೇವರಿಗೂ ಇರೋ ಮಾತು ಕಣೇ, ನೀನು ಜಂಟಿ ವರಸೆ ಹೇಳು" ಅಂತ ಸಂಗೀತ ಪಾಠಕ್ಕೆ ತಿರುಗಿಸಿದ್ರು ಅಷ್ಟೇ. ಸಿಟ್ಟು ಮಾಡ್ಲಿಲ್ಲ.

ಒಂದು ವಿಷಯ ನಿಮಗೆ ಗೊತ್ತಿರಲಿ. ಸಿಸ್ಟರ್‌ಗಳು ಬಡತನದ ವ್ರತ ತಗೊಂಡಿರ್ತಾರೆ, ಸ್ಕೂಲಲ್ಲಿ ಎಷ್ಟು ವರ್ಷ ಪಾಠ ಮಾಡಿದ್ರೂ ಸಂಬಳ ಅವರ ಕೈಗಲ್ಲ, ಅವರು ಸೇರಿದ ಸನ್ಯಾಸಿನಿ ಸಭೆಗೆ ಹೋಗುತ್ತೆ. ಬಿಟ್ಟು ಬಂದೋರು ದುಡಿದಿದ್ದಕ್ಕೆ ಏನನ್ನೂ ಕೇಳೋ ಹಾಗಿಲ್ಲ ಅಂತ 1983ರ ಚರ್ಚ್ ಕಾನೂನಲ್ಲೇ ಇದೆ, 702ನೇ ನಿಯಮ. ಅವರ ಜೊತೆ ನ್ಯಾಯವಾಗಿ, ಪ್ರೀತಿಯಿಂದ ನಡ್ಕೋಬೇಕು ಅಂತಲೂ ಅದೇ ನಿಯಮದ ಮುಂದಿನ ಸಾಲಲ್ಲಿದೆ. ಮಿಸ್ಸಿಗೆ ಬರುವಾಗ ಒಂದಿಷ್ಟು ದುಡ್ಡು ಕೊಟ್ರು, ಎರಡು ತಿಂಗಳ ಬಾಡಿಗೆಗೆ ಆಯ್ತು. ನಲವತ್ತೊಂದು ವಯಸ್ಸಿಗೆ ಸ್ವಂತ ಪರ್ಸ್ ಇಲ್ಲ, ಬ್ಯಾಂಕ್ ಪಾಸ್‌ಬುಕ್ ಇಲ್ಲ. ಸೀರೆ ಅಂಗಡಿಗೆ ಹೋದ್ರೆ ಅಂಗಡಿಯವರು "ಯಾವ ಕಲರ್ ತೋರಿಸ್ಲಿ ಅಮ್ಮಾ" ಅಂದ್ರಂತೆ, ಇವರಿಗೆ ಬಾಯೇ ಬರಲಿಲ್ಲ, ಇಪ್ಪತ್ತೆರಡು ವರ್ಷದಿಂದ ಆ ಪ್ರಶ್ನೆ ಯಾರೂ ಕೇಳೇ ಇರಲಿಲ್ಲ, ಏನೂ ತಗೊಳ್ದೆ ವಾಪಸ್ ಬಂದ್ರಂತೆ. ಇದನ್ನ ಹೇಳುವಾಗ ಅವರ ಕೈ ಸುಮ್ನೆ ಸೆರಗು ಸವರ್ತಾ ಇತ್ತು.

ಹೊಟ್ಟೆಪಾಡಿಗೆ ಗೊತ್ತಿದ್ದಿದ್ದು ಹಾಡು ಒಂದೇ. ಆದ್ರೆ ಚರ್ಚಿನ ಹಾಡು ಕಲಿಯೋಕೆ ಫೀಸ್ ಕೊಟ್ಟು ಮಕ್ಕಳನ್ನ ಯಾರು ಕಳಿಸ್ತಾರೆ? ಸಂಗೀತ ಅಂದ್ರೆ ಮನೆಗಳಲ್ಲಿ ಕರ್ನಾಟಕ ಸಂಗೀತ ಅಂತಲೇ. ಸರಿ, ಊರಲ್ಲಿದ್ದ ಒಬ್ಬ ವಿದ್ವಾಂಸರ ಮನೆಗೆ ಹೋಗಿ ಎಂಟು ವರ್ಷದ ಮಕ್ಕಳ ಮಧ್ಯೆ ಚಾಪೆ ಮೇಲೆ ಕೂತು ಮೊದಲ ಪಾಠ ಸರಳೆ ವರಸೆಯಿಂದ ಕಲಿತ್ರು, ಜೂನಿಯರ್ ಪರೀಕ್ಷೆ ಕಟ್ಟಿದ್ರು, ಆಮೇಲೆ ಸೀನಿಯರ್. ಬೆಳಗ್ಗೆ ಕಲಿಯೋದು, ಸಂಜೆ ಕಲಿಸೋದು. ನನಗೆ ಅವರ ಜೀವನದಲ್ಲಿ ಎಲ್ಲಕ್ಕಿಂತ ದೊಡ್ಡದು ಅನ್ಸೋದು ಇದೇ, ಎಲ್ಲಾ ಬಿಟ್ಟು ಬಂದಿದ್ದಲ್ಲ, ಬಂದ ಮೇಲೆ ಆ ಚಾಪೆ ಮೇಲೆ ಕೂತಿದ್ದು.

ನಾನು ಸೇರಿದ್ದು 1996ರಲ್ಲಿ, ಮೂರನೇ ಕ್ಲಾಸು. ಸ್ಕೂಲಲ್ಲಿ ಗ್ರೂಪ್ ಸಾಂಗಿಗೆ ನಿಲ್ಲಿಸಿ "ನೀನು ಸುಮ್ನೆ ಬಾಯಿ ಆಡಿಸು, ಸೌಂಡ್ ಬರಬಾರದು" ಅಂದಿದ್ರು, ಅಳ್ತಾ ಮನೆಗೆ ಬಂದೆ, ಅಮ್ಮ ಕೈ ಹಿಡ್ಕೊಂಡು ಮಿಸ್ ಮನೆಗೆ ಕರ್ಕೊಂಡು ಹೋದ್ರು. ಮಿಸ್ ಹಾಡಿಸ್ಲೇ ಇಲ್ಲ. ಹಾರ್ಮೋನಿಯಂ ಮುಂದೆ ಕೂರಿಸಿ, ಮರದ ಮೇಲೆ ಅಂಗೈ ಇಡು ಅಂದ್ರು, ಎಡಗೈಲಿ ತಿದಿ ಒತ್ತುತ್ತಾ ಬರೀ ಷಡ್ಜ, ಅಂದ್ರೆ ಸ ಸ್ವರ, ಹಿಡಿದ್ರು. ಅಂಗೈ ಜುಮ್ ಅಂತಿತ್ತು. ಈಗ ಬಾಯಿ ಮುಚ್ಕೊಂಡೇ ಮ್ ಅನ್ನು ಅಂದ್ರು. ನನ್ನ ಸ್ವರ ಅದರ ಪಕ್ಕಕ್ಕೆ ಹೋದಾಗ ವಂವ್ ವಂವ್ ಅಂತ ಒಂದು ಅಲುಗಾಟ ಕೇಳುತ್ತೆ, ಎರಡು ಸ್ವರ ಹತ್ತಿರ ಇದ್ದೂ ಒಂದಾಗದೆ ಇದ್ರೆ ಹಾಗಾಗುತ್ತೆ, ಹತ್ತಿರ ಹೋದಷ್ಟೂ ಅಲುಗಾಟ ನಿಧಾನ ಆಗುತ್ತೆ, ಪೂರ್ತಿ ಸೇರಿದಾಗ ನಿಂತೇ ಹೋಗುತ್ತೆ. "ಅಲುಗಾಟ ನಿಂತ ಜಾಗ ನಿನ್ನ ಮನೆ, ಹುಡುಕ್ಕೋ" ಅಂದ್ರು. ಮೂರು ವಾರ ಬರೀ ಇದೇ. ಒಂದಿನ ನಿಂತ್ತು. ಮಿಸ್ ಏನೂ ಹೇಳ್ದೆ ಎದ್ದು ಒಳಗೆ ಹೋಗಿ ಒಂದು ಕೊಬ್ಬರಿ ಬಿಸ್ಕೆಟ್ ತಂದು ಕೈಗಿಟ್ರು.

ಆಮೇಲೆ ಮಾಯಾಮಾಳವಗೌಳ ರಾಗ. ಹಾರ್ಮೋನಿಯಂನ ಬಿಳಿ ಒಂದನೇ ಮನೆಯಿಂದ (ಒತ್ತೋ ಪಟ್ಟಿಗೆ ಮನೆ ಅಂತೀವಿ) ಶುರು ಮಾಡಿದ್ರೆ ಬಿಳಿ, ಕಪ್ಪು, ಬಿಳಿ, ಬಿಳಿ, ಬಿಳಿ, ಕಪ್ಪು, ಬಿಳಿ ಅಂತ ಬೆರಳು ತೋರಿಸೋರು, ಸ ರಿ ಗ ಮ ಹೇಗಿದ್ಯೋ ಪ ದ ನಿ ಸ ಕೂಡ ಅದೇ ಅಳತೆ, ಮಕ್ಕಳಿಗೆ ಅದಕ್ಕೇ ಇದು ಮೊದಲು ಅನ್ನೋರು. ಆದ್ರೆ ಗಮಕ, ಅಂದ್ರೆ ಸ್ವರ ಜಾರಿಸಿ ಅಲುಗಿಸೋದು, ಶುರುವಾದ ದಿನ ಹಾರ್ಮೋನಿಯಂ ಮುಚ್ಚಿಟ್ಟು ಆಧಾರ ಸ್ವರ ಹಿಡಿದಿಡೋ ಶ್ರುತಿ ಪೆಟ್ಟಿಗೆ ಇಟ್ರು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋದು ಈ ಮನೆಗಳಲ್ಲಿ ಆಗಲ್ಲ, ಇದಕ್ಕೇ ಆಕಾಶವಾಣಿಯಲ್ಲಿ 1940ರಿಂದ 1971ರವರೆಗೆ ಹಾರ್ಮೋನಿಯಂ ಬಿಟ್ಕೊಳ್ತಿರಲಿಲ್ಲ, ಪಾಪ ಅದರದ್ದೇನು ತಪ್ಪು ಅನ್ನೋರು.

ನಮ್ಮೂರ ಮಳೆ ಗೊತ್ತಲ್ಲ. ಜೂನ್ ಬಂತು ಅಂದ್ರೆ ಮರ ಊದ್ಕೊಂಡು ಮನೆಗಳು ಒತ್ತಿದ್ದು ಮೇಲೇಳಲ್ಲ, ಒಳಗೆ ನಡುಗಿ ಸ್ವರ ಕೊಡೋ ಹಿತ್ತಾಳೆ ರೀಡಿನ ಮೇಲೆ ಹಸಿರು ಕೂರುತ್ತೆ. ಮಿಸ್ ರಾತ್ರಿ ಹಾರ್ಮೋನಿಯಂ ಪಕ್ಕ ನಲವತ್ತು ಕ್ಯಾಂಡಲ್ ಬಲ್ಬ್ ಹಚ್ಚಿ ಮೇಲೆ ಹಳೇ ಕಂಬಳಿ ಮುಚ್ಚೋರು, ಬಲ್ಬಿಗೆ ತಾಗದ ಹಾಗೆ ಕುರ್ಚಿ ಅಡ್ಡ ಇಟ್ಟು. ರೀಡ್ ಶ್ರುತಿ ಬಿಟ್ರೆ ತಾವೇ ಕೆರೆಯೋರು, ತುದಿ ಕೆರೆದ್ರೆ ಶ್ರುತಿ ಏರುತ್ತೆ, ಬುಡ ಕೆರೆದ್ರೆ ಇಳಿಯುತ್ತೆ, ಕೂದಲೆಳೆಯಷ್ಟು ಜಾಸ್ತಿ ಆದ್ರೂ ರೀಡ್ ಹಾಳು. ಕನ್ನಡಕ ಮೂಗಿನ ತುದಿಗೆ ಇಳಿಸ್ಕೊಂಡು, ಉಸಿರು ಬಿಗಿ ಹಿಡಿದು ಬ್ಲೇಡಲ್ಲಿ ಒಂದು ಗೀರು, ಮತ್ತೆ ಹಾಕಿ ಕೇಳೋದು, ಮತ್ತೆ ತೆಗೆಯೋದು.

ಚರ್ಚಿಗೆ ಒಂದು ಭಾನುವಾರವೂ ತಪ್ಪಿಸ್ತಿರಲಿಲ್ಲ. ಮೊದಲೆರಡು ವರ್ಷ ಕೊನೇ ಬೆಂಚು, ಪಕ್ಕದಲ್ಲಿ ಯಾರೂ ಕೂರ್ತಿರಲಿಲ್ವಂತೆ. ಆಮೇಲೆ ಕ್ರಿಸ್ಮಸ್ಸಿಗೆ ನುಡಿಸೋರು ಇಲ್ಲದೆ ಹೋದಾಗ ಫಾದರೇ ಬಂದು ಕರೆದ್ರು.

2011ರ ಏಪ್ರಿಲಲ್ಲಿ ಶೆಟ್ಟಿಹಳ್ಳಿಗೆ ಕರ್ಕೊಂಡು ಹೋಗು ಅಂದ್ರು. ಬೇಲೂರು ಮೇಲೆ ಹಾಸನಕ್ಕೆ ಬಸ್, ಅಲ್ಲಿಂದ ಆಟೋ. ಆ ಚರ್ಚ್ ಫೋಟೋದಲ್ಲಿ ನೋಡಿರ್ತೀರಿ, 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿದ್ದು, ಗೊರೂರಲ್ಲಿ ಹೇಮಾವತಿ ಡ್ಯಾಂ ಆದ್ಮೇಲೆ ಮಳೆಗಾಲದಲ್ಲಿ ನೀರಲ್ಲಿರುತ್ತೆ, ಬೇಸಿಗೆಗೆ ಹೊರಗೆ ಬರುತ್ತೆ. ಮಿಸ್ಸಿಗೆ ಜ್ಞಾನಸ್ನಾನ (ಬ್ಯಾಪ್ಟಿಸಮ್) ಆಗಿದ್ದು ಅಲ್ಲೇ. ಊರು ಮುಳುಗುವಾಗ ಅವರು ಕಾನ್ವೆಂಟಲ್ಲಿದ್ರು, ನೋಡೋಕೆ ಆಗಿರಲಿಲ್ಲ. ಹುಡುಗರು ಕಮಾನಿನ ಕೆಳಗೆ ಫೋಟೋ ತೆಗೆಸ್ಕೊಳ್ತಿದ್ರು. ಮಿಸ್ ಚಪ್ಪಲಿ ಬಿಟ್ಟು, ಒಣಗಿ ಬಿರುಕು ಬಿಟ್ಟ ಕೆಸರಿನ ಮೇಲೆ ನಡ್ಕೊಂಡು ಪೀಠ ಇದ್ದ ಜಾಗಕ್ಕೆ ಹೋಗಿ ಒಂದು ಷಡ್ಜ ಹಿಡಿದ್ರು. ಸ್ವಲ್ಪ ಹೊತ್ತು ಕಿವಿ ಕೊಟ್ಟು ನಿಂತ್ರು. "ಮುಂಚೆ ಇಲ್ಲಿ ಹಾಡಿದ್ರೆ ಸ್ವರ ವಾಪಸ್ ಬರ್ತಿತ್ತು ಕಣೇ, ಈಗ ಸೂರಿಲ್ಲ, ಹಾಗೇ ಮೇಲೆ ಹೋಗ್ಬಿಡ್ತು" ಅಂದ್ರು. ಬಸ್ಸಲ್ಲಿ ಬೇಲೂರು ಬರೋವರೆಗೂ ನನ್ನ ಕೈ ಹಿಡ್ಕೊಂಡೇ ಇದ್ರು.

ಅವರ ಮಣ್ಣಿಗೆ ಹಳೇ ಸಿಸ್ಟರ್‌ಗಳು ನಾಲ್ಕು ಜನ ಬಂದಿದ್ರು, ನಾವು ಶಿಷ್ಯರು ನೂರರ ಮೇಲಿದ್ವಿ, ಅರ್ಧಕ್ಕರ್ಧ ಹಿಂದೂ ಮುಸ್ಲಿಂ ಮನೆ ಮಕ್ಕಳು.

ನಿಮ್ಮ ಚಿಕ್ಕಮ್ಮನ ವಿಷಯಕ್ಕೆ ಬಂದ್ರೆ, ಬಂದ ವಾರದಲ್ಲೇ ಅವರ ಹೆಸರಲ್ಲಿ ಬ್ಯಾಂಕ್ ಅಕೌಂಟ್ ಮಾಡಿಸಿ, ಸ್ವಲ್ಪ ದುಡ್ಡು ಹಾಕಿ, ಲೆಕ್ಕ ಕೇಳ್ಬೇಡಿ. ಬಾಗಿಲು ಹಾಕ್ಕೊಳ್ಳೋಕೆ ಒಂದು ರೂಮ್ ಇರಲಿ. ಭಾನುವಾರ ಚರ್ಚಿಗೆ ಹೋಗ್ತೀನಿ ಅಂದ್ರೆ ನೀವೂ ಹೋಗಿ ಪಕ್ಕದಲ್ಲಿ ಕೂತ್ಕೊಳ್ಳಿ. ಯಾಕೆ ಬಿಟ್ಟೆ ಅಂತ ಮನೆಗೆ ಬಂದೋರು ಕೇಳಿದ್ರೆ ನೀವೇ ಮಾತು ಬದಲಿಸಿ. ಸೀರೆ ಅಂಗಡಿಗೆ ಕರ್ಕೊಂಡು ಹೋದಾಗ ಅವಸರ ಮಾಡ್ಬೇಡಿ, ಒಂದು ಗಂಟೆ ಆದ್ರೂ ಆಗಲಿ, ಕಲರ್ ಅವರೇ ಹೇಳ್ಲಿ.