ಮಲಗೋ ಜಾಗದ ಮಾತು ಮೊದಲ ಆಗ್ಲಿ

ತಂಗಿ, ಗದಗದಾಕಿ, ಲಾರಿ ಕಲಿಯಾಕತ್ತೀನಿ, ಹುಬ್ಬಳ್ಳಿಯಿಂದ ಮುಂಬೈಗೆ ನಾಕು ದಿನದ ಟ್ರಿಪ್, ಕಲಿಸೋ ಡ್ರೈವರ್ "ಇಬ್ರೂ ಕ್ಯಾಬಿನ್‌ನಾಗ ಮಲಗಿದ್ರಾತು" ಅಂತಾರ, ಹೋಗ್ಲೋ ಬ್ಯಾಡೋ ಅಂತ ಕೇಳೀರಿ. ಹದಿನೆಂಟು ವರ್ಷ ಸ್ಟೇರಿಂಗ್ ಹಿಡಿದವ ನಾನು. ಮಲಗೋದೆಲ್ಲಿ ಅನ್ನೋದನ್ನ ಮಾಲೀಕರು ಮೆಸೇಜ್‌ನಾಗ ಬರೆದು ಕೊಡೋತನಕ ಹತ್ತಬ್ಯಾಡ್ರಿ. ಮೊದಲ ಹುಬ್ಬಳ್ಳಿ–ರಾಣೆಬೆನ್ನೂರು ಹೋಗಿ ಅವತ್ತ ವಾಪಸ್ ಬರೋ ಟ್ರಿಪ್ ಕೇಳ್ರಿ. ಮನುಷ್ಯಾ ಹೆಂಗ ಅಂತ ಅಷ್ಟರಾಗ ಗೊತ್ತಾಗ್ತದ.

ಕ್ಯಾಬಿನ್ ಅಂದ್ರ ಒಂದು ಖೋಲಿ. ಕೀಲಿ ಕಲಿಸವರ ಕೈಯಾಗ, "ಈಕಿಗೆ ಗಾಡಿ ಹೊಡಿಯಾಕ ಬಂತು" ಅಂತ ಹೇಳವರೂ ಅವರ. ಅದಕ್ಕ ಕಲಿಯವರು ಬಾಯಿ ಬಿಡೂದಿಲ್ಲ. ನನ್ನ ಉಸ್ತಾದ್ ಗೇರ್ ತಪ್ಪಿದ್ರ ಪಾನಾದಿಂದ ಮೊಣಕೈಗೆ ಬಡೀತಿದ್ದ. ನಾನೂ ಅದನ್ನ ಪಾಠ ಅಂದ್ಕೊಂಡಿದ್ದೆ, ಹುಚ್ಚ!

ಇನ್ನೊಂದು. ಎಲ್‌ಎಲ್ (ಕಲಿಯವರ ಲೈಸೆನ್ಸ್) ಮ್ಯಾಲ ನೀವು ಹೊಡಿಯೂಮುಂದ ಕಲಿಸವರು ಗಾಡಿ ತಡಿಯುವಂಗ ಪಕ್ಕದಾಗ ಕೂತಿರಬೇಕು. ಹಿಂದಿನ ಬರ್ತ್‌ನಾಗ ಗೊರಕಿ ಹೊಡದ್ರ ನಿಯಮಕ್ಕೂ ತಪ್ಪು, ನಿಮ್ಮ ಜೀವಕ್ಕೂ ಕುತ್ತು.

ಆಧಾರ್, ರೊಕ್ಕ, ಚಾರ್ಜರ್ ನಿಮ್ಮ ಚೀಲದಾಗ ಇರ್ಲಿ, ಲೊಕೇಶನ್ ಮನ್ಯಾಗ ಇಬ್ಬರಿಗೆ ಹೋಗ್ಲಿ. ಮನಸ್ಸಿಗೆ ಸರಿ ಅನ್ನಿಸದಿದ್ರ ಕ್ಯಾಮೆರಾ ಇರೋ ಟೋಲ್ ನಾಕಾದಾಗ ಇಳದು 112ಕ್ಕ ಹಚ್ರಿ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ತರಬೇತಿಗೆ ಬಂದವರಿಗೂ, ಕಂಪನಿ ಗಾಡಿಯೊಳಗೂ ಅನ್ವಯ ಆಗ್ತದ. ಹತ್ತಕ್ಕಿಂತ ಕಡಿಮಿ ಮಂದಿ ಇರೋ ಕಂಪನಿ ಆದ್ರ ಜಿಲ್ಲಾ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗ ದೂರು ಬರೆದು ಕೊಡ್ರಿ.